ಹೆಪ್ಪಿನ ಬಟ್ಟಲು ಹಿಡಿದು ಹೊರಟ ಮೈದುನ

ಆಗ ನನಗೆ ಅರವತ್ತೆಂಟು. ಆರು ವರ್ಷದ ಹಿಂದಿನ ಮಾತು. ನನ್ನ ಮೈದುನನಿಗೆ ಹುಚ್ಚು ಹಿಡಿದದ್ದು ಆಗಲೇ! ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ದುಡಿದು ನಿವೃತ್ತನಾದವನು ಸುಮ್ಮನೆ ಕೂತು ಪೇಪರ್ ಓದಬಾರದೆ? ಇಲ್ಲ. ಸಾಫ್ಟ್‌ವೇರ್ ಮುಕ್ತವಾಗಿರಬೇಕು, ಯಾರು ಬೇಕಾದರೂ ತಿದ್ದಿ ಹಂಚುವಂತಿರಬೇಕು ಅಂತ ಜೀಪು ಹತ್ತಿ ಊರೂರು ಸುತ್ತಿದ. ಹೆಣ್ಣು ನೋಡಲೂ ಇಷ್ಟು ಅಲೆದವನಲ್ಲ!

ನನಗೆ ನನ್ನದೇ ಚಿಂತೆ. ದುಬಾರೆ ದಾರಿಯಲ್ಲಿ ನನ್ನದೊಂದು ಅಂಗಡಿ. ಜೇನು, ಮೆಣಸು, ಕಾಚಂಪುಳಿ ಎಂಬ ಕಪ್ಪು ಹುಳಿರಸ ಮಾರುತ್ತೇನೆ. ಬಾಟಲಿಗೆ ಚೀಟಿ ಅಚ್ಚು ಹಾಕಲು ಸೊಸೆ ಕಂಪ್ಯೂಟರ್ ತಂದಳು. ಅದರ ತುಂಬಾ ಇಂಗ್ಲಿಷು. ನನಗೆ ಬರುವುದು ಕನ್ನಡ, ಅದೂ ಅಕ್ಷರ ಕೂಡಿಸಿ ಓದಬೇಕು. ಒಂದು ದಿನ ಅಂದಾಜಿನಲ್ಲಿ ಒತ್ತಿದೆ. ಚೀಟಿಯಲ್ಲಿ ಕಾಚಂಪುಳಿ ಎಲ್ಲ ಜೇನಾಗಿ ಹೋಯಿತು! ಪ್ರವಾಸಿಯೊಬ್ಬ ಬ್ರೆಡ್ಡಿಗೆ ಸವರಿ ತಿಂದು, ಒಂದು ಕಣ್ಣು ಮುಚ್ಚಿಕೊಂಡೇ ವಾಪಸ್ ಬಂದ.

"ಅತ್ತೆ, ಇನ್ನು ನೀವು ಅದನ್ನ ಮುಟ್ಟಲೇಬೇಡಿ" ಅಂದಳು ಸೊಸೆ. ನಾನು ಕಟ್ಟಿದ ಅಂಗಡಿ, ನಾನೇ ಬಾಟಲಿ ಒರೆಸುತ್ತಾ ಅವಳ ದಾರಿ ಕಾಯಬೇಕು!

ಇತ್ತ ಮೈದುನ ಚೆಟ್ಟಳ್ಳಿ ಕಡೆಯ ಎಸ್ಟೇಟ್ ಮಾಲೀಕರೊಬ್ಬರ ಹತ್ತಿರ ಹೋಗಿ, "ಸಾಫ್ಟ್‌ವೇರಿಗೂ ಸ್ವಾತಂತ್ರ್ಯ ಬೇಕು ಸಾರ್" ಅಂದನಂತೆ.

"ಆಗಸ್ಟಲ್ಲಿ ಬನ್ನಿ ಮಾರಾಯ್ರೆ, ಈಗ ಕಾಫಿ ಪಿಕ್ಕಿಂಗ್ ಟೈಮು!"

ಆಮೇಲೆ ಒಂದು ಕಾಲೇಜಿಗೆ ಹೊರಟ. ನನ್ನ ಹತ್ತಿರ ಬಂದು ಒಂದು ಬಟ್ಟಲು ಹೆಪ್ಪು ಕೇಳಿದ.

"ಯಾಕಯ್ಯ, ಕಾಲೇಜಲ್ಲಿ ಹಾಲು ಕಾಯ್ಸಿದಾರಾ?"

"ಅಲ್ಲ ಅತ್ತಿಗೆ. ಎದುರಂಗಡಿಯೋಳಿಗೂ ನಿಮಗೂ ವ್ಯಾಪಾರದಲ್ಲಿ ಆಗಲ್ಲ. ಆದ್ರೂ ಅವಳು ಹೆಪ್ಪು ಕೇಳಿದ್ರೆ ಕೊಡ್ತೀರಿ. ಕೊಟ್ರೆ ನಿಮ್ಮ ಮೊಸರು ಕೆಟ್ಟುಹೋಗುತ್ತಾ? ಸಾಫ್ಟ್‌ವೇರೂ ಹಂಗೇ. ಪ್ರಿನ್ಸಿಪಾಲರಿಗೆ ತೋರಿಸ್ತೀನಿ."

ತೋರಿಸುವ ಮೊದಲೇ ಅಟೆಂಡರ್ ಅದನ್ನು ಮೊಸರೆಂದುಕೊಂಡು ಪ್ರಿನ್ಸಿಪಾಲರ ಅನ್ನಕ್ಕೆ ಸುರಿದುಬಿಟ್ಟ. ಖಾಲಿ ಬಟ್ಟಲು ಹಿಡಿದು ಬಂದವನಿಗೆ, "ಎಷ್ಟು ಬೇಗ ಒಳಗಿಳೀತಲ್ಲಯ್ಯ ನಿನ್ನ ಮಾತು!" ಅಂದೆ. ಅವನು ನಗಲಿಲ್ಲ.

ಅಂದಿನಿಂದ ತಿರುಗಾಟ ಬಿಟ್ಟು ನನ್ನ ಅಂಗಡಿಯಲ್ಲೇ ಕೂತ. ಕೂತು ನನ್ನ ತಲೆ ತಿಂದ.

"ಅತ್ತಿಗೆ, ಪ್ರಿಂಟಿಗೆ ಏನಂತೀರಿ?"

"ಅಚ್ಚು ಹಾಕು ಅಂತೀನಿ."

"ಕ್ಯಾನ್ಸಲಿಗೆ?"

"ಅದೇನದು?"

"ಒತ್ತಿದ್ದು ಬೇಡ ಅನ್ನೋದಕ್ಕೆ."

"ಬೇಡ, ಬಿಡು ಮಾರಾಯ! ಎದ್ದು ಮನೆಗೆ ಹೋಗು!"

ಹೀಗೇ ಹತ್ತು ದಿನ. ಒಂದು ಸಂಜೆ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದ. ಹಳೆಯದನ್ನು ತೆಗೆದು ತನ್ನ ಮುಕ್ತ ಸಾಫ್ಟ್‌ವೇರ್ ಹಾಕಿದ್ದ. ನೋಡುತ್ತೇನೆ, ಬೆರಳುದ್ದದ ಕನ್ನಡ ಅಕ್ಷರ! ಜೇನು. ಮೆಣಸು. ಕಾಚಂಪುಳಿ. ಅಚ್ಚು ಹಾಕು. ಎಲ್ಲಕ್ಕಿಂತ ಕೆಳಗೆ: ಬೇಡ, ಬಿಡು ಮಾರಾಯ.

ಕೂಡಿಸಿ ಕೂಡಿಸಿ ಎಲ್ಲವನ್ನೂ ಓದಿದೆ.

"ಹಳೇದರಲ್ಲಿ ಒಂದಕ್ಷರಾನೂ ತಿದ್ದೋಕೆ ಬಿಡ್ತಿರ್ಲಿಲ್ಲ ಅತ್ತಿಗೆ. ಇದರಲ್ಲಿ ಬಿಡ್ತಾರೆ. ಅದಕ್ಕೇ ನಿಮ್ಮ ಮಾತೇ ಹಾಕಿದೆ. ಬೇಕಾದವರಿಗೆ ಕೊಡಿ" ಅಂತ ಅದನ್ನೇ ತುಂಬಿದ ಒಂದು ಪೆನ್‌ಡ್ರೈವೂ ಕೈಗಿಟ್ಟ.

"ಕಾಫಿ ಕುಡೀತೀಯಾ?" ಅಂದೆ.

ಮಾರನೆಯ ಬೆಳಿಗ್ಗೆ ಸೊಸೆ ಬರುವ ಮೊದಲೇ ಜೇನಿಗೆ ಜೇನಿನದೇ ಚೀಟಿ ಅಚ್ಚು ಹಾಕಿ ಅಂಟಿಸಿದೆ. ಎದುರಂಗಡಿಯವಳ ಹತ್ತಿರವೂ ಕಂಪ್ಯೂಟರ್ ಇತ್ತು, ಅವಳೂ ನನ್ನ ಹಾಗೇ ಕೂಡಿಸಿ ಓದುವವಳು. ಪೆನ್‌ಡ್ರೈವನ್ನು ಅದೇ ಹೆಪ್ಪಿನ ಬಟ್ಟಲಿಗೆ ಹಾಕಿಕೊಂಡು ರಸ್ತೆ ದಾಟಿದೆ.