ಡಾ. ಮೇಲೊಂದು ಕ್ಯಾಲೆಂಡರ್

ಒಬ್ಬೊಬ್ಬರಿಗೆ ಒಂದೊಂದರ ಮೇಲೆ ಆಸೆ. ಕೆಲವರಿಗೆ ಒಡವೆ, ಕೆಲವರಿಗೆ ಸೈಟು. ನನಗಿದ್ದದ್ದು ಒಂದು ಅಕ್ಷರ ಮತ್ತು ಅದರ ಪಕ್ಕದ ಒಂದು ಚುಕ್ಕಿಯ ಮೇಲೆ. ನನ್ನ ಹೆಸರಿಗೆ ಮೊದಲು 'ಡಾ.' ಅಂತ ಇರಬೇಕು, ಅಷ್ಟೇ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ, ಯಾಕೆಂದರೆ ಅದು ನಾನು ಕದ್ದು ತಂದದ್ದಲ್ಲ. ಮೆಡಿಕಲ್ ಸೀಟು ಕೂದಲೆಳೆಯಲ್ಲಿ ತಪ್ಪಿದ ಮೇಲೆ ಔಷಧಿಶಾಸ್ತ್ರದ ಫಾರ್ಮ್‌ಡಿ ಸೇರಿ ಆರು ವರ್ಷ ಓದಿದ್ದೇನೆ. ಕೊನೆಯ ವರ್ಷವಿಡೀ ಆಸ್ಪತ್ರೆಯ ವಾರ್ಡುಗಳಲ್ಲಿ ಬಿಳಿ ಕೋಟು ಹಾಕಿಕೊಂಡು ಓಡಾಡಿದ್ದೇನೆ. ಕಾಲೇಜಿನವರೇ 'ಡಾ. ಅಂತ ಹಾಕಿಕೊಳ್ಳಬಹುದು' ಎಂದರು. ಔಷಧಿ ಕೊಡುವವರಿಗೆ ಅದೆಲ್ಲ ಯಾಕೆ ಎನ್ನುವವರೂ ಬೇಕಾದಷ್ಟಿದ್ದಾರೆ. ನಮ್ಮ ಕ್ಲಾಸಿನವರ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಹುಟ್ಟುಹಬ್ಬದ ಶುಭಾಶಯ ಹಾಕುವಾಗ ಹೆಸರಿನ ಮೊದಲು ಅದನ್ನು ಬಿಟ್ಟರೆ ಸಾಕು, ಶುಭಾಶಯ ಮೂಲೆಗೆ ಬಿದ್ದು ಎರಡು ದಿನ ಅದೇ ಜಗಳ ನಡೆಯುತ್ತದೆ.

ತೀರ್ಥಹಳ್ಳಿಯ ನಮ್ಮಪ್ಪನಿಗೆ ಮಾತ್ರ ಈ ವಿಷಯದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ನನ್ನ ಮದುವೆಯ ಕರೆಯೋಲೆಯಲ್ಲಿ ಉಳಿದ ಹೆಸರುಗಳಿಗಿಂತ ದಪ್ಪ ಅಕ್ಷರದಲ್ಲಿ 'ಡಾ.' ಹಾಕಿಸಿಬಿಟ್ಟರು. ಅದರ ಫಲವನ್ನು ನಾನು ಕಲ್ಯಾಣಮಂಟಪದಲ್ಲೇ ಉಂಡೆ. ಅಲಂಕಾರ ಮುಗಿಸಿ ಮದುಮಗನ ಪಕ್ಕ ಕೂತಿದ್ದವಳ ಹತ್ತಿರ ಸಾಗರದಿಂದ ಬಂದಿದ್ದ ಗಂಡನ ಕಡೆಯ ಅತ್ತೆಯೊಬ್ಬರು ಸೀರೆಯ ಅಂಚು ಮೇಲೆತ್ತಿ ಮಂಡಿ ತೋರಿಸಿದರು. "ನಾನು ಆ ಥರದ ಡಾಕ್ಟರಲ್ಲ ಅತ್ತೆ, ಔಷಧಿಯ ಡಾಕ್ಟರು" ಎಂದೆ. ಅತ್ತೆ ಒಂದು ಗಳಿಗೆ ಯೋಚಿಸಿ, "ಹಂಗಾರೆ ಔಷಧಕ್ಕೇ ಜ್ವರ ಬಂದ್ರೆ ನೋಡದು ನೀನಾ ಕೂಸೆ?" ಎಂದು ಕೇಳಿದರು. ಕುಹಕವಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ್ದು. ಆರು ವರ್ಷದ ಓದಿನಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಪಕ್ಕದಲ್ಲಿದ್ದ ಮದುಮಗ ಬಾಸಿಂಗದ ಮರೆಯಲ್ಲಿ ನಗುತ್ತಿದ್ದದ್ದು ನನಗೆ ಕಾಣಿಸಿತು.

ಮದುವೆಯಾಗಿ ಹೊಸನಗರಕ್ಕೆ ಬಂದೆ. ಗಂಡ ಇಲ್ಲಿ ಹೈಸ್ಕೂಲು ಮೇಷ್ಟ್ರು. ಪೇಟೆಯಲ್ಲಿ ಒಂದು ಮೆಡಿಕಲ್ ಶಾಪ್ ಖಾಲಿಯಾಗುತ್ತಿತ್ತು, ವಹಿಸಿಕೊಂಡೆ. ನನಗಿಂತ ಮುಂಚೆ ಅದನ್ನು ನಡೆಸುತ್ತಿದ್ದ ಹಿರಿಯರು 'ಡಾ.' ಬಿಡಿ, ಕಾಲೇಜನ್ನೇ ದೂರದಿಂದ ನೋಡಿದವರು. ಅವರನ್ನು ಊರೆಲ್ಲ ಡಾಕ್ಟ್ರೇ ಎನ್ನುತ್ತಿತ್ತು. ದನಕ್ಕೆ ಇಂಜೆಕ್ಷನ್ ಕೊಡಲು ಬರುವವರೂ ಡಾಕ್ಟ್ರೇ. ಅಧಿಕೃತವಾಗಿ ಡಾಕ್ಟರಾದ ನನ್ನನ್ನು ಮಾತ್ರ ಮೊದಲ ದಿನದಿಂದಲೇ 'ಅಕ್ಕ' ಮಾಡಿಬಿಟ್ಟರು. ನನ್ನಪ್ಪನ ವಯಸ್ಸಿನವರಿಗೂ ನಾನು ಅಕ್ಕ. ಹೊಟ್ಟೆ ಉರಿಯದೆ ಇರುತ್ತದೆಯೇ?

ಆದರೆ ಆ ಅಕ್ಕನಿಗೆ ಜನ ಹೇಳುತ್ತಿದ್ದ ಗುಟ್ಟುಗಳಿಗೆ ಲೆಕ್ಕವಿರಲಿಲ್ಲ. ಶುಗರ್ ಇದ್ದೂ ದಿನಾ ಹಲಸಿನ ಹಣ್ಣು ತಿಂದದ್ದು, ಐದು ದಿನದ ಮಾತ್ರೆಯನ್ನು ಎರಡೇ ದಿನಕ್ಕೆ ನಿಲ್ಲಿಸಿ ಉಳಿದದ್ದನ್ನು ಪಕ್ಕದ ಮನೆಯವರಿಗೆ ಕೊಟ್ಟದ್ದು, ಗಂಡನ ಕೆಮ್ಮಿನ ಔಷಧಿ ರುಚಿಯಾಗಿದೆ ಅಂತ ಹೆಂಡತಿಯೂ ಕುಡಿದದ್ದು, ಎಲ್ಲ ಕೌಂಟರಿನ ಮೇಲೆ ಮೊಣಕೈ ಊರಿ ಹೇಳುತ್ತಿದ್ದರು. ನಾನು ಬೈಯುತ್ತಿದ್ದೆ. ಬೈಸಿಕೊಂಡು, ಸರಿಯಾದದ್ದನ್ನು ಕೇಳಿಕೊಂಡು ಹೋಗುತ್ತಿದ್ದರು. ಇದೇ ನನ್ನ ಆರು ವರ್ಷದ ಓದಿನ ಅಸಲು ಕೆಲಸ ಅಂತ ಆಗ ನನಗೆ ಹೊಳೆದಿರಲಿಲ್ಲ. ಸಂಜೆ ಮನೆಗೆ ಬಂದು, "ಇವತ್ತೂ ಒಬ್ಬರೂ ಡಾಕ್ಟ್ರೇ ಅನ್ಲಿಲ್ಲ" ಎಂದು ಗಂಡನೆದುರು ಗೊಣಗುತ್ತಿದ್ದೆ. ಪಾಪ, ಎಷ್ಟು ದಿನ ಕೇಳಿಯಾರು? ಈ ಸಲದ ನನ್ನ ಹುಟ್ಟುಹಬ್ಬಕ್ಕೆ ನಮ್ಮ ಮೇಷ್ಟ್ರು ಶಿವಮೊಗ್ಗದಲ್ಲಿ ಒಂದು ಬೋರ್ಡು ಮಾಡಿಸಿ ತಂದರು. ನೀಲಿಯ ಮೇಲೆ ಬಿಳಿ ಅಕ್ಷರ, ಹೆಸರು, ಡಿಗ್ರಿ, ಎಲ್ಲಕ್ಕಿಂತ ಮೊದಲು 'ಡಾ.' ಕೌಂಟರಿನ ಹಿಂದೆ, ಒಳಗೆ ಬಂದವರ ಕಣ್ಣಿಗೆ ನೇರ ಬೀಳುವ ಹಾಗೆ ಅದನ್ನು ಹೊಡೆಸಿದೆವು. ನನಗೆ ಕಣ್ಣಲ್ಲಿ ನೀರೇ ಬಂತು.

ಒಂದು ವಾರ ಸ್ವರ್ಗ. ಬಂದವರೆಲ್ಲ ಡಾಕ್ಟ್ರೇ ಎಂದರು. ಇಬ್ಬರು ಕೇಳದೆಯೇ ನಾಲಗೆ ಚಾಚಿದರು. ಎರಡನೇ ವಾರ ಏನೋ ಖಾಲಿ ಖಾಲಿ ಅನ್ನಿಸತೊಡಗಿತು. ಕೌಂಟರಿನ ಮೇಲೆ ಮೊಣಕೈ ಊರುವವರೇ ಇಲ್ಲ. ಎಲ್ಲರೂ ಒಂದು ಮಾರು ದೂರದಲ್ಲಿ ನೆಟ್ಟಗೆ ನಿಂತು ಚೀಟಿ ಕೊಡುತ್ತಾರೆ. ಹಲಸಿನ ಹಣ್ಣು ತಿಂದ್ರಾ ಅಂದರೆ, "ಮುಟ್ಟಿಲ್ಲ ಡಾಕ್ಟ್ರೇ" ಎನ್ನುತ್ತಾರೆ. ಇಡೀ ತಾಲೂಕಿಗೆ ತಾಲೂಕೇ ರಾತ್ರೋರಾತ್ರಿ ಶಿಸ್ತಿನ ಸಿಪಾಯಿಯಾಗಿಬಿಟ್ಟಿತ್ತು.

ಹೀಗಿರುವಾಗ ಮಂಜಣ್ಣ ಬಂದರು. ಮಂಜಣ್ಣ ಹೊಸನಗರದಿಂದ ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಹೋಗುವ ಬಸ್ಸಿನ ಡ್ರೈವರು. ನನಗಿಂತ ಹತ್ತು ವರ್ಷ ದೊಡ್ಡವರು, ಬೋರ್ಡು ಬರುವವರೆಗೆ ನನ್ನನ್ನು ಅಕ್ಕ ಎನ್ನುತ್ತಿದ್ದವರು. ಬಿ.ಪಿ. ಇಳಿಯಲೇ ಇಲ್ಲ ಅಂತ ನಮ್ಮೂರಿನ ಆಸ್ಪತ್ರೆಯ ಹಿರಿಯ ಡಾಕ್ಟರು ಅವರ ಮಾತ್ರೆಯನ್ನು ದುಪ್ಪಟ್ಟು ಮಾಡಿ ಬರೆದುಕೊಟ್ಟಿದ್ದರು. ಚೀಟಿ ನೋಡಿ ನನಗೆ ಕಸಿವಿಸಿಯಾಯಿತು. ಹಿಂದಿನ ಸಲ ಒಂದು ತಿಂಗಳಿಗೆಂದು ಒಯ್ದ ಮಾತ್ರೆ ಅವರಿಗೆ ಎರಡು ತಿಂಗಳು ಬಂದಿತ್ತು.

"ದಿನಾ ತಗೋತಾ ಇದ್ರಾ ಮಂಜಣ್ಣ?"

ಮಂಜಣ್ಣ ನನ್ನ ತಲೆಯ ಮೇಲಿದ್ದ ಬೋರ್ಡು ನೋಡಿ, "ಒಂದಿನಾನೂ ತಪ್ಸಿಲ್ಲ ಡಾಕ್ಟ್ರೇ. ನಾಳೆಯಿಂದ ಇದನ್ನೂ ತಪ್ಸಲ್ಲ" ಎಂದರು.

ನನಗೆ ಹೆದರಿಕೆ ಹತ್ತಿದ್ದು ಆಗ. ಒಂದು ದಿನ ಬಿಟ್ಟು ಒಂದು ದಿನ ನುಂಗುತ್ತಿದ್ದವರು ಈಗ ಡಾಕ್ಟರಿಗೆ ಹೆದರಿ ದುಪ್ಪಟ್ಟು ಮಾತ್ರೆಯನ್ನು ನಿಷ್ಠೆಯಿಂದ ನುಂಗಿದರೆ ಬಿ.ಪಿ. ಒಮ್ಮೆಲೇ ಕುಸಿದು ತಲೆ ತಿರುಗಬಹುದು. ಮನೆಯ ಜಗಲಿಯಲ್ಲಿ ತಿರುಗಿದರೆ ಹಿಡಿದುಕೊಳ್ಳಲು ಕಂಬವಿದೆ. ಹುಲಿಕಲ್ಲಿನ ತಿರುವಿನಲ್ಲಿ ತಿರುಗಿದರೆ? ಇನ್ನೊಮ್ಮೆ ಕೇಳಿದೆ. ಮಂಜಣ್ಣ ಮತ್ತೆ ಬೋರ್ಡಿಗೇ ಉತ್ತರ ಕೊಟ್ಟರು. ಪಕ್ಕದ ಮೊಳೆಯಲ್ಲಿದ್ದ ಔಷಧಿ ಕಂಪನಿಯ ಕ್ಯಾಲೆಂಡರನ್ನು ತೆಗೆದು ಬೋರ್ಡಿನ ಮೂಲೆಗೆ ನೇತುಹಾಕಿದೆ. 'ಡಾ.' ಮುಚ್ಚಿತು. ಕೌಂಟರಿನಿಂದ ಹೊರಗೆ ಬಂದು ಅವರನ್ನು ಅಂಗಡಿಯ ಬೆಂಚಿನ ಮೇಲೆ ಕೂರಿಸಿ ಪಕ್ಕ ಕೂತೆ.

"ಈಗ ಅಕ್ಕ ಕೇಳ್ತಾ ಇದೀನಿ. ಹೇಳಿ."

ಮಂಜಣ್ಣ ಆಚೀಚೆ ನೋಡಿದರು. "ಅಕ್ಕ ಕೇಳಿದ್ರೆ ಹೇಳ್ದೆ ಇರಕ್ಕಾಗುತ್ತಾ? ಡಾಕ್ಟ್ರಿಗೆ ಹೇಳ್ಬೇಡಿ ಮತ್ತೆ."

"ಯಾವ ಡಾಕ್ಟ್ರಿಗೆ?"

"ಇಬ್ರಿಗೂ."

ವಿಷಯ ಇಷ್ಟೇ. ಮಾತ್ರೆ ನುಂಗಿದ ಒಂದು ಗಂಟೆಗೆ ಮೂತ್ರಕ್ಕೆ ಅವಸರವಾಗುತ್ತಿತ್ತು. "ನಗರದ ಕೋಟೆ ದಾಟೋದ್ರೊಳಗೆ ಒಂದ್ಸಲ, ಮಾಸ್ತಿಕಟ್ಟೇಲಿ ಒಂದ್ಸಲ. ಐವತ್ತು ಜನ ಕೂತಿರ್ತಾರೆ ಅಕ್ಕ. ಡ್ರೈವರ್ ಇಳಿದು ಮರದ ಹಿಂದೆ ಹೋದ್ರೆ ಅರ್ಧ ಬಸ್ಸು ಹಿಂದಿಂದ ಇಳಿಯುತ್ತೆ. ಮತ್ತೆ ಅವರನ್ನ ಹತ್ತಿಸೋಷ್ಟರಲ್ಲಿ ಟೈಮ್ ಹೋಗಿರುತ್ತೆ. ಅದಕ್ಕೆ ಡ್ಯೂಟಿ ಇದ್ದ ದಿನ ಮಾತ್ರೆಗೆ ರಜ." ಇದನ್ನು ದೊಡ್ಡ ಡಾಕ್ಟರ ಎದುರು ಹೇಳಲು ನಾಚಿಕೆ. ಹೊಸದಾಗಿ ನನ್ನೆದುರೂ ನಾಚಿಕೆ.

ಮಂಜಣ್ಣನನ್ನು ಒಪ್ಪಿಸಿ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದೆ. ಅವರು ನಕ್ಕರು. ಮೂತ್ರ ಹೆಚ್ಚು ಮಾಡುವ ಆ ಮಾತ್ರೆಯನ್ನೇ ಬದಲಾಯಿಸಿದರು, ದುಪ್ಪಟ್ಟನ್ನು ಹೊಡೆದುಹಾಕಿದರು. "ಮೂರು ಸಲ ಬಂದ್ರೂ ನನ್ನತ್ರ ಬಾಯಿ ಬಿಡ್ಲಿಲ್ಲ. ನಿಮಗೆ ಹೇಗೆ ಹೇಳಿದ್ರು ಮಾರಾಯ್ರೆ?" ಎಂದು ಕೇಳಿದರು. ಕ್ಯಾಲೆಂಡರಿನ ವಿಷಯ ಹೇಳಲು ಮನಸ್ಸು ಬರಲಿಲ್ಲ. ಮಂಜಣ್ಣನ ಬಿ.ಪಿ. ಈಗ ಹಿಡಿತದಲ್ಲಿದೆ, ಬಸ್ಸೂ ಹೊತ್ತಿಗೆ ಸರಿಯಾಗಿ ಹೋಗುತ್ತಿದೆ. ಕ್ಯಾಲೆಂಡರು ಅಲ್ಲೇ ಉಳಿಯಿತು. "ಎಂತಾ ಆತೇ, ನೀನು ಅಷ್ಟು ಆಸೆಯ ಅಕ್ಷರ ಮುಚ್ಚಿಟ್ಟಿದ್ದೆ?" ಎಂದು ಮೇಷ್ಟ್ರು ಕೇಳಿದಾಗ, ತಿಥಿ ನೋಡಲು ಅನುಕೂಲ ಎಂದೆ. ಮೊಣಕೈಗಳು ಒಂದೊಂದಾಗಿ ಕೌಂಟರಿಗೆ ವಾಪಸ್ ಬಂದವು. ನನಗೆ ಎಷ್ಟು ಸಂತೋಷವಾಯಿತೆಂದರೆ, ಅಕ್ಕ ಎಂದು ಕರೆದವರನ್ನೆಲ್ಲ ಎರಡು ಮಾತು ಜಾಸ್ತಿಯೇ ಬೈದೆ.

ಇಲ್ಲಿಗೇ ನಿಲ್ಲಿಸಿದರೆ ನಾನು ದೊಡ್ಡ ಮನುಷ್ಯಳಾಗಿ ಉಳಿಯುತ್ತಿದ್ದೆ. ಆದರೆ ಹೋದ ವಾರ ನನ್ನ ಥೈರಾಯ್ಡ್ ತೋರಿಸಲು ಅದೇ ಡಾಕ್ಟರ ಹತ್ತಿರ ಹೋಗಿದ್ದೆ. ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕಿದರು. "ಮಾತ್ರೆ ಖಾಲಿ ಹೊಟ್ಟೇಲಿ ತಗೊಂಡು, ಅರ್ಧ ಗಂಟೆ ಬಿಟ್ಟು ಕಾಫಿ ಕುಡೀತೀರಲ್ಲ? ಛೆ, ನಿಮಗೆ ನಾನೇನು ಹೇಳೋದು, ನೀವೂ ಡಾಕ್ಟ್ರೇ" ಎಂದರು. ಡಾಕ್ಟರೊಬ್ಬರು ನನ್ನನ್ನು ಡಾಕ್ಟ್ರೇ ಎಂದದ್ದು ಅದೇ ಮೊದಲು. ಇಷ್ಟು ವರ್ಷ ಕಾದ ಮಾತು. ನಾನು ನೆಟ್ಟಗೆ ಕೂತು, "ಒಂದು ದಿನವೂ ತಪ್ಪಿಸಿಲ್ಲ ಡಾಕ್ಟ್ರೇ" ಎಂದೆ. ನಿಜ ಹೇಳಬೇಕೆಂದರೆ ನಾನು ಆ ಮಾತ್ರೆಯನ್ನು ನುಂಗುವುದೇ ಕಾಫಿಯಲ್ಲಿ.

ಅವರು ಡೋಸ್ ಹೆಚ್ಚಿಸಿ ಬರೆದುಕೊಟ್ಟರು. ಆ ಚೀಟಿಯನ್ನು ತಂದು ನನ್ನ ಕೌಂಟರಿನ ಮೇಲೆ ನಾನೇ ಇಟ್ಟುಕೊಂಡೆ. ಯಾವ ಚೀಟಿ ಬಂದರೂ ಮಾತ್ರೆ ಕೊಡುವ ಮುಂಚೆ ದಿನಾ ಸರಿಯಾಗಿ ತಗೋತಾ ಇದ್ರಾ ಅಂತ ಕೇಳುವುದು ನನ್ನ ಪದ್ಧತಿ. ಅವತ್ತು ಮಾತ್ರ ಅಕ್ಕ ಏನೂ ಕೇಳಲಿಲ್ಲ.