ಔಟಾಗದ ಅಪ್ಪ

ನೆನಪಿನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮನೆಗೆ ಬೀಗ ಹಾಕಿ ಹೊರಟ ಮೇಲೆ ಗ್ಯಾಸ್ ಆಫ್ ಮಾಡಿದೆವೋ ಇಲ್ಲವೋ ಎಂದು ಕೆಲವರು ಅರ್ಧ ದಾರಿಯಿಂದ ವಾಪಸು ಓಡುತ್ತಾರಲ್ಲ, ಅಂಥದೇ ಒಂದು ಕಾಯಿಲೆ ಇದು. ಮದ್ದೂರಿನ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಮಾಡುವವನು ನಾನು. ದಿನಾ ಮಂಡ್ಯದಿಂದ ಬಸ್ಸಿನಲ್ಲಿ ಹೋಗಿ, "ಯಾರೋ ಹೇಳಿದರು ಅಂತ ನಂಬಬೇಡಿ, ಆಧಾರ ಕೇಳಿ" ಎಂದು ವಿದ್ಯಾರ್ಥಿಗಳಿಗೆ ಉಪದೇಶ ಮಾಡಿ, ಇನ್ನೊಂದು ಬಸ್ಸಿನಲ್ಲಿ ನಿಂತುಕೊಂಡು ವಾಪಸು ಬರುತ್ತೇನೆ. ಮೈಸೂರಿನಲ್ಲಿ ಎಂ.ಎ. ಓದುವಾಗ ಶುರು ಮಾಡಿದ ದಿನಚರಿಯನ್ನು ಇವತ್ತಿಗೂ ಬಿಟ್ಟಿಲ್ಲ. ಅದರಿಂದ ನನಗೆ ಉಪಕಾರವಾಗಿದೆ ಎಂದು ಮಾತ್ರ ಹೇಳಲಾರೆ. ಮದುವೆಯಾದ ಹೊಸತರಲ್ಲಿ ನಾನೂ ನನ್ನ ಹೆಂಡತಿ ಸವಿತಾಳೂ ಶಿವನಸಮುದ್ರಕ್ಕೆ ಹೋಗಿದ್ದೆವು. ಆಗ ನಮ್ಮ ಹೊಸ ಕೊಡೆ ಕಳೆದುಹೋಯಿತು. ಅದನ್ನು ಮರೆತವಳು ಸವಿತಾ ಎಂದು ಅನೇಕ ವರ್ಷ ನಾನು ನಂಬಿದ್ದೆ, ಅವಳನ್ನೂ ನಂಬಿಸಿದ್ದೆ. ಒಂದು ದಿನ ಬೀರು ಒರೆಸುತ್ತಿದ್ದವಳು ಹಳೆಯ ದಿನಚರಿಯನ್ನು ಹಿಡಿದುಕೊಂಡು ಬಂದು ಗಟ್ಟಿಯಾಗಿ ಓದಿದಳು: "ಕೊಡೆಯನ್ನು ಬಸ್ಸಿನಲ್ಲೇ ಬಿಟ್ಟೆ. ಸವಿತಾಗೆ ಹೇಳಿಲ್ಲ." ಅಕ್ಷರ ನನ್ನದೇ. ಆವತ್ತಿನಿಂದ ಬೀರುವಿಗೆ ಬೀಗ ಹಾಕುತ್ತೇನೆ.

ಆದರೆ ದಿನಚರಿ ಶುರುವಾಗುವುದಕ್ಕೆ ಮುಂಚೆಯೂ ನಾನು ಬದುಕಿದ್ದೆನಷ್ಟೆ? ಆ ಕಾಲಕ್ಕೆ ಕಾಗದವಿಲ್ಲ, ಪತ್ರವಿಲ್ಲ, ಬೀರುವಿನಿಂದ ಹೊರಬಂದು ಸಾಕ್ಷಿ ಹೇಳುವವರಿಲ್ಲ. ಅಲ್ಲಿ ಮಾತ್ರ ನಾನು ಸರ್ವಸ್ವತಂತ್ರ. ನನ್ನ ಮಗಳು ಸಿಂಚನಳಿಗೆ ಈಗ ಹತ್ತು ವರ್ಷ. ಅವಳ ಕೈಯಿಂದ ಮೊಬೈಲು ಕಸಿದುಕೊಂಡ ಮೇಲೆ ಬದಲಿಗೆ ಏನನ್ನಾದರೂ ಕೊಡಬೇಕಲ್ಲ, ನನ್ನ ಬಾಲ್ಯವನ್ನು ಕೊಡುತ್ತಿದ್ದೆ. ನಾನು ಬೆಳೆದದ್ದು ಅದೇ ಶಿವನಸಮುದ್ರದ ಪಕ್ಕದ ಬ್ಲಫ್ ಎಂಬ ಊರಿನ ಕ್ವಾರ್ಟರ್ಸಿನಲ್ಲಿ. ಅಪ್ಪ ವಿದ್ಯುದಾಗಾರದ ನೌಕರ. ಸಂಜೆಯಾದರೆ ಕ್ವಾರ್ಟರ್ಸಿನ ಮಕ್ಕಳೆಲ್ಲ ಮನೆಗಳ ಮುಂದಿನ ಬಯಲಿನಲ್ಲಿ ಸೇರಿ ಲಗೋರಿ ಆಡುತ್ತಿದ್ದರು. ಏಳು ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸುವುದು, ಚೆಂಡಿನಿಂದ ಹೊಡೆದು ಉರುಳಿಸುವುದು, ಎದುರು ಗುಂಪಿನವರು ಚೆಂಡು ಬೀಸಿ ಮೈಗೆ ತಾಗಿಸುವುದರೊಳಗೆ ಮತ್ತೆ ಪೇರಿಸಿ "ಲಗೋರಿ!" ಎಂದು ಕೂಗುವುದು. ಚೆಂಡು ತಾಗಿದವನು ಔಟು, ಬದಿಗೆ ಹೋಗಿ ಕೂರಬೇಕು. ಮೊದಲ ಸಲ ಈ ಕಥೆ ಹೇಳಿದಾಗ "ನಾನು ಅಷ್ಟು ಸುಲಭವಾಗಿ ಔಟಾಗುತ್ತಿರಲಿಲ್ಲ" ಎಂದೆ. ಎರಡನೆಯ ಸಲ ಹೇಳುವಾಗ ಅದು "ಔಟಾದದ್ದೇ ಅಪರೂಪ" ಎಂದಾಯಿತು. ಮೂರನೆಯ ಸಲ, ಮಗಳ ಕಣ್ಣು ಅಷ್ಟಗಲ ಅರಳಿದ್ದನ್ನು ನೋಡಿ, "ಒಂದೇ ಒಂದು ಸಲವೂ ಔಟಾಗಿಲ್ಲ ಕಣೇ" ಎಂದುಬಿಟ್ಟೆ. ಹೇಳಿದ ಮೇಲೆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ವಿಚಿತ್ರವೆಂದರೆ, ಎಷ್ಟು ಕೆದಕಿದರೂ ನಾನು ಔಟಾಗಿ ಬದಿಗೆ ಕೂತ ಒಂದೇ ಒಂದು ಚಿತ್ರವೂ ನೆನಪಿಗೆ ಬರಲಿಲ್ಲ. ಓಡಿದ್ದಷ್ಟೇ ನೆನಪು. ಆಧಾರವಿಲ್ಲದ ಮಾತು ನಿಜವೇ ಆಗಿರಬಹುದು ಎಂದು ಸಮಾಧಾನ ಮಾಡಿಕೊಂಡು ನಿದ್ದೆ ಹೋದೆ.

ನಮ್ಮ ಬಡಾವಣೆಯ ಪಾರ್ಕು ದೊಡ್ಡದೇನಲ್ಲ. ಎರಡು ಹೊಂಗೆ ಮರ, ಒಂದು ಜಾರುಬಂಡೆ, ಕೈಕಾಲು ಆಡಿಸಲೆಂದು ನೆಟ್ಟ ನಾಲ್ಕಾರು ಕಬ್ಬಿಣದ ಯಂತ್ರಗಳು. ಆ ಯಂತ್ರಗಳಲ್ಲಿ ಒಂದನ್ನು ಹೇಗೆ ಬಳಸಬೇಕೆಂದು ಯಾರಿಗೂ ಗೊತ್ತಿಲ್ಲದ್ದರಿಂದ ಎಲ್ಲರೂ ಅದಕ್ಕೆ ಸ್ವೆಟರ್ ನೇತುಹಾಕುತ್ತಾರೆ. ಬೆಳಿಗ್ಗೆ ಯೋಗ, ಆಮೇಲೆ ನಗೆಕೂಟ. ಅಲ್ಲಿ ನಕ್ಕು ಮುಗಿಸಿದವರು ಗೇಟಿನ ಹತ್ತಿರ ಬರುವಷ್ಟರಲ್ಲಿ ಮುಖ ಗಂಟಿಕ್ಕಿಕೊಂಡಿರುತ್ತಾರೆ. ಪಾರ್ಕ್ ಸಮಿತಿಯ ಅಧ್ಯಕ್ಷರು ಶಿವಲಿಂಗೇಗೌಡರು. ನಿವೃತ್ತ ಬಸ್ ಕಂಡಕ್ಟರು. ಕೆಲಸ ಬಿಟ್ಟರೂ ವಿಷಲ್ ಬಿಟ್ಟಿಲ್ಲ. ಯೋಗ ಮುಗಿಯಿತೆಂದರೆ ಒಂದು ವಿಷಲ್, ಹುಲ್ಲಿನ ಮೇಲೆ ಯಾರಾದರೂ ನಡೆದರೆ ಎರಡು. ಅವರೇ ಒಂದು ದಿನ ಬೋರ್ಡಿನ ಮೇಲೆ ಚೀಟಿ ಅಂಟಿಸಿದರು: ಇನ್ನು ಮೇಲೆ ಭಾನುವಾರ ಸಂಜೆ ಕುಟುಂಬಗಳಿಗೆ ದೇಸಿ ಆಟ, ಮೊದಲು ಲಗೋರಿ, ಒಂದು ಕ್ರಾಸಿನವರಿಗೆ ಒಂದು ತಂಡ, ಆಡುವ ಪ್ರತಿ ಮಗುವಿನ ಜೊತೆ ಮನೆಯ ದೊಡ್ಡವರೊಬ್ಬರು ಕಡ್ಡಾಯ.

ಸಿಂಚನ ನನ್ನನ್ನು ಕೇಳಲೇ ಇಲ್ಲ. ಹೆಸರು ಬರೆಸಿ ಬಂದು ಹೇಳಿದಳು. ಬರೆಸಿದ್ದಷ್ಟೇ ಅಲ್ಲ, ಎರಡನೆಯ ಕ್ರಾಸಿನ ತಂಡಕ್ಕೆ ಅವಳೇ ಕ್ಯಾಪ್ಟನ್ ಆಗಿದ್ದಳು. ಯಾವ ಅರ್ಹತೆಯ ಮೇಲೆ ಎಂದು ಕೇಳಿದರೆ, "ಔಟೇ ಆಗದಿರೋ ಅಪ್ಪ ನಮ್ಮ ಮನೇಲಿ ಮಾತ್ರ ಇರೋದು ಅಂದೆ, ಎಲ್ಲರೂ ಒಪ್ಪಿಕೊಂಡ್ರು" ಎಂದಳು. ಸ್ಕೂಲ್ ವ್ಯಾನಿನಲ್ಲೆಲ್ಲ ಸುದ್ದಿ ಹರಡಿತ್ತು. ವ್ಯಾನಿನ ಡ್ರೈವರು ಬೆಳಿಗ್ಗೆ ನನ್ನನ್ನು ನೋಡಿ, "ಏನ್ ಸಾರ್, ಭಾನುವಾರ ನೋಡ್ಬೇಕಲ್ಲ ನಿಮ್ಮಾಟವ" ಎಂದ. ಸೋಲುವುದಕ್ಕೆ ನನ್ನ ಅಭ್ಯಂತರವಿರಲಿಲ್ಲ. ಆದರೆ ಹತ್ತು ವರ್ಷದ ಹುಡುಗಿಯೊಬ್ಬಳು ಅಪ್ಪನ ಬಾಯಿಮಾತನ್ನೇ ಆಧಾರವೆಂದು ನಂಬಿ ಊರಿಗೆಲ್ಲ ಸಾರಿಬಿಟ್ಟಿದ್ದಾಳೆ. ಭಾನುವಾರ ಸಂಜೆಯ ನಂತರ ಅವಳು ನನ್ನ ಬೇರೆ ಯಾವ ಮಾತನ್ನು ನಂಬುತ್ತಾಳೆ?

"ಉತ್ತರ ಪತ್ರಿಕೆ ಮೌಲ್ಯಮಾಪನ ಇದೆ ಅಂತ ಹೇಳಿಬಿಡಲಾ?" ಎಂದು ಸವಿತಾಳನ್ನು ಕೇಳಿದೆ.

"ಹೇಳಿ. ಮರೀದೆ ಡೈರೀಲೂ ಬರೀರಿ" ಎಂದಳು.

ಕೋಣೆಯ ಬಾಗಿಲು ಹಾಕಿಕೊಂಡು ಬಗ್ಗುವ ಅಭ್ಯಾಸ ಮಾಡಿದೆ. ಬಗ್ಗುವುದು ಹೇಗೋ ಆಗುತ್ತಿತ್ತು. ಏಳುವಾಗ ಮಂಚವನ್ನು ಹಿಡಿದುಕೊಳ್ಳಬೇಕಾಗಿತ್ತು. ಪಾರ್ಕಿನಲ್ಲಿ ಮಂಚವಿರುವುದಿಲ್ಲ.

ಶನಿವಾರ ಮಳವಳ್ಳಿಯಿಂದ ತಾಯಕ್ಕ ಬಂದಳು. ನನಗಿಂತ ಆರು ವರ್ಷ ದೊಡ್ಡವಳು, ಒಡಹುಟ್ಟಿದ ಅಕ್ಕ. ಬರುವಾಗ ಒಂದು ಚೀಲ ಅವರೆಕಾಯಿ ತಂದಿದ್ದಳು. ಅವಳನ್ನು ನೋಡಿದ ಕೂಡಲೇ ನನಗೆ ಹೋದ ಜೀವ ಬಂದಂತಾಯಿತು. ನೋಡಿ, ಇಷ್ಟು ದಿನ ಇದು ಹೊಳೆದೇ ಇರಲಿಲ್ಲ. ಬ್ಲಫ್‌ನ ಬಯಲಿನಲ್ಲಿ ನನ್ನ ಜೊತೆ ಆಡಿದವಳು, ಪ್ರತ್ಯಕ್ಷ ಸಾಕ್ಷಿ! ನಾಳೆ ನಾನು ಎಡವಿದರೂ, "ಚಿಕ್ಕವನಾಗಿದ್ದಾಗ ಇವನು ಔಟೇ ಆಗುತ್ತಿರಲಿಲ್ಲ" ಎಂದು ಅವಳು ಒಂದು ಮಾತು ಹೇಳಿದರೆ ಸಾಕು, ವಯಸ್ಸಿನ ಮೇಲೆ ತಪ್ಪು ಹೊರಿಸಿ ಪಾರಾಗಬಹುದು. ಸಾಕ್ಷಿಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು ಎಂಬುದು ನನ್ನ ವೃತ್ತಿಯ ಮೊದಲ ಪಾಠ. ಅವರೆಕಾಯಿ ಸುಲಿಯುತ್ತ ಅವಳ ಪಕ್ಕದಲ್ಲೇ ಎರಡು ಗಂಟೆ ಕೂತಿದ್ದೆ. ಕೇಳಲಿಲ್ಲ.

ಭಾನುವಾರ ಪಾರ್ಕು ತುಂಬಿತ್ತು. ನಮಗೆ ಎದುರಾಗಿ ಮೂರನೆಯ ಕ್ರಾಸಿನ ತಂಡ. ಅದರಲ್ಲಿ ನಂಜುಂಡ ಎಂಬುವವನಿದ್ದ. ಗೆಜ್ಜಲಗೆರೆಯ ಕಾರ್ಖಾನೆಗೆ ದಿನಾ ಬೈಕಿನಲ್ಲಿ ಹೋಗಿಬರುವವನು. ಅವನ ತೋಳುಗಳನ್ನು ನೋಡಿಯೇ ನನಗೆ ಬೆನ್ನು ನೋಯತೊಡಗಿತು. ಕಲ್ಲಿನ ಬದಲು ಬಣ್ಣ ಬಳಿದ ಮರದ ಬಿಲ್ಲೆಗಳನ್ನು ಜೋಡಿಸಿದ್ದರು. ಶಿವಲಿಂಗೇಗೌಡರು ವಿಷಲ್ ಊದಿ "ರೈಟ್!" ಎಂದರು. ಸಿಂಚನ ಮೊದಲ ಏಟಿಗೇ ಬಿಲ್ಲೆ ಉರುಳಿಸಿದಳು. "ಅಪ್ಪಾ, ಓಡು!" ಎಂದು ಕಿರುಚಿದಳು.

ಓಡಿದೆ. ಎರಡು ಬಿಲ್ಲೆ ಪೇರಿಸಿದ್ದೆನೋ ಇಲ್ಲವೋ, ನಂಜುಂಡ ಬೀಸಿದ ಚೆಂಡು ಬೆನ್ನಿನ ನಟ್ಟನಡುವೆ ಬಂದು ಬಿತ್ತು. ಪಟ್ ಎಂದು ಇಡೀ ಪಾರ್ಕಿಗೆ ಕೇಳಿಸಿತು. ಆಮೇಲೆ ನಾನು ಮಾಡಿದ್ದನ್ನು ಹೇಗೆ ವಿವರಿಸಲಿ? ನಿಲ್ಲಲಿಲ್ಲ. ನಿಲ್ಲಬೇಕೆಂದು ಹೊಳೆಯಲೇ ಇಲ್ಲ. ಮೋಸ ಮಾಡುವ ಉದ್ದೇಶ ಖಂಡಿತ ಇರಲಿಲ್ಲ. ಮೋಸ ಮಾಡುವವನು ಸುತ್ತಮುತ್ತ ನೋಡುತ್ತಾನೆ, ನಾನು ನೋಡಲೂ ಇಲ್ಲ. ನೊಣ ಕೂತಿತೇನೋ ಎಂಬಂತೆ ಬೆನ್ನು ಕೊಡವಿಕೊಂಡು ಮೂರನೆಯದು, ನಾಲ್ಕನೆಯದು ಎಂದು ಪೇರಿಸುತ್ತಲೇ ಹೋದೆ. ಎರಡನೆಯ ಚೆಂಡು ಭುಜಕ್ಕೆ ಬಿತ್ತು, ಮೂರನೆಯದು ಇನ್ನೆಲ್ಲಿಗೋ. ವಿಷಲ್ ಒಂದೇ ಸಮನೆ ಕೂಗುತ್ತಿತ್ತು. ಏಳನೆಯ ಬಿಲ್ಲೆ ಇಟ್ಟು, ಎರಡೂ ಕೈ ಮೇಲೆತ್ತಿ, "ಲಗೋರಿ!" ಎಂದು ಕೂಗಿದೆ. ಪಾರ್ಕಿನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಸಾರ್, ನೀವು ಆಗ್ಲೇ ಔಟಾಗೋದ್ರಲ್ಲ!" ಎಂದ ನಂಜುಂಡ.

"ಯಾಕೆ?" ಎಂದೆ. ನಿಜವಾಗಿಯೂ ಕೇಳಿದೆ.

"ಯಾಕೆ ಅಂದ್ರೇನ್ ಸಾ? ಬಾಲು ಬೆನ್ನಿಗೇ ಬಿತ್ತು! ಸಬ್ದ ಕೇಳ್ನಿಲ್ವಾ?"

"ಬಿದ್ದರೇನು?"

ಈ ಮಾತು ನನ್ನ ಬಾಯಿಂದ ಬಂತು ಎನ್ನುವುದಕ್ಕೆ ಸುಮಾರು ನಲವತ್ತು ಜನ ಸಾಕ್ಷಿಗಳಿದ್ದಾರೆ. ಶಿವಲಿಂಗೇಗೌಡರು ವಿಷಲನ್ನು ಬಾಯಿಂದ ತೆಗೆದು, "ಮೇಷ್ಟ್ರೇ, ಮೂರ್ ಸಲ ಬಿದ್ದದೆ. ಇಳ್ಕಳಿ, ಇಳ್ಕಳಿ" ಎಂದರು, ಟಿಕೆಟ್ಟಿಲ್ಲದವನನ್ನು ಇಳಿಸುವ ದನಿಯಲ್ಲಿ. ಅಷ್ಟರಲ್ಲಿ ಹೊಂಗೆ ಮರದ ಕೆಳಗಿನ ಬೆಂಚಿನಿಂದ ನಗು ಕೇಳಿಸಿತು. ತಾಯಕ್ಕ. ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು.

"ಅಯ್ಯೋ ಬುಡಿ ಗೌಡ್ರೆ, ಅವ್ನ ಮೇಲ್ ಯಾಕೆ ರೇಗೀರಿ? ಅವ್ನಿಗೆ ಗೊತ್ತೇ ಇಲ್ಲ ಕಣೇಳಿ! ಚಿಕ್ಕುಡ್ಗ ಅಂತ ನಾವ್ ಯಾರೂ ಇವ್ನ ಔಟು ಲೆಕ್ಕಕ್ಕೇ ಇಡೀತಿರ್ನಿಲ್ಲ. 'ಇವನ್ನೂ ಕರ್ಕಂಡೋಗಂಗಿದ್ರೆ ಓಗು, ಇಲ್ದಿದ್ರೆ ಮನೇಲೇ ಇರು' ಅನ್ನೋಳು ನಮ್ಮವ್ವ. ಕರ್ಕಂಡೋದ್ರೆ, ಬಾಲು ಬಿತ್ತು, ಔಟು ಅಂದ್ರೆ ಅಳೋನು. ಅದ್ಕೇ ಎಲ್ರಿಗೂ ಏಳಿದ್ದೆ, ಇವ್ನು ಸುಮ್ನೆ ಓಡ್ಲಿ, ಬಿದ್ರೂ ಔಟಿಲ್ಲ ಅಂತ."

"ಎಷ್ಟು ವರ್ಷದವರೆಗೆ ಅಕ್ಕ?" ಎಂದೆ. ಸಂಶೋಧಕನ ಪ್ರಶ್ನೆ.

"ನೀನು ಆರ್ನೇ ಕ್ಲಾಸಿಗೆ ಬರಗಂಟ ಕಣ್ಲಾ ಮಾದೇವ. ಆಮೇಲೆ ನಂಗೆ ಮದ್ವೆ ಗೊತ್ತಾಯ್ತು, ನೀನು ಮೈಸೂರ್ ಹಾಸ್ಟೆಲ್ಗೆ ಓದೆ."

ಪಾರ್ಕಿಗೆ ಪಾರ್ಕೇ ನಕ್ಕಿತು. ಬೆಳಗಿನ ನಗೆಕೂಟದವರು ಅಷ್ಟು ಸಹಜವಾಗಿ ನಕ್ಕದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಸಿಂಚನ ಮಾತ್ರ ನಗಲಿಲ್ಲ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ಹೋಗಿ ಬೆಂಚಿನ ಮೇಲೆ ಕೂತೆ. ಔಟಾಗಿ ಬದಿಗೆ ಕೂರುವುದು ಹೇಗಿರುತ್ತದೆಂದು ಈ ವಯಸ್ಸಿನಲ್ಲಿ ತಿಳಿಯಿತು. ಚೆನ್ನಾಗಿರುವುದಿಲ್ಲ. ಎರಡನೆಯ ಕ್ರಾಸು ಸೋತಿತು.

ಮನೆಯ ದಾರಿಯಲ್ಲಿ ಮಗಳು ನನ್ನ ಜೊತೆ ಹೆಜ್ಜೆ ಹಾಕಲಿಲ್ಲ, ಎರಡು ಮಾರು ಮುಂದೆ ನಡೆದಳು. ಗೇಟಿನ ಹತ್ತಿರ ನಿಂತು ಕೇಳಿದಳು: "ಅಪ್ಪಾ, ನಿಂಗೆ ಗೊತ್ತಿತ್ತಾ?"

"ಇಲ್ಲ ಕಣೇ" ಎಂದೆ. ಹೇಳಿದ ಕೂಡಲೇ ಹಳೆಯ ಕಾಯಿಲೆ ಕೆರಳಿತು. ನಿಜಕ್ಕೂ ಗೊತ್ತಿರಲಿಲ್ಲವೇ? ಹನ್ನೊಂದು ವರ್ಷದವರೆಗೆ ದಿನಾ ಮೈಗೆ ಚೆಂಡು ಬೀಳುತ್ತಿದ್ದರೂ ಯಾರೂ ಏನೂ ಅನ್ನುತ್ತಿಲ್ಲವಲ್ಲ ಎಂದು ಒಂದು ದಿನವೂ ಅನ್ನಿಸಿರಲಿಲ್ಲವೇ? ಅಥವಾ ಗೊತ್ತಿದ್ದೂ, ಅನುಕೂಲವಾಗಿದೆ ಎಂದು ಸುಮ್ಮನಿದ್ದು, ಆಮೇಲೆ ಗೊತ್ತಿದ್ದದ್ದನ್ನೇ ಮರೆತೆನೇ? ಮಗಳಿಗೆ ಇನ್ನೊಂದು ಸುಳ್ಳು ಹೇಳಬಾರದು ಎನ್ನಿಸಿ, "ಇರು, ಖಾತ್ರಿಯಿಲ್ಲ. ಗೊತ್ತಿದ್ದರೂ ಗೊತ್ತಿದ್ದಿರಬಹುದು" ಎಂದೆ.

ಅವಳು ಗೇಟಿನ ಚಿಲಕ ತೆಗೆದಳು. "ನೋವಾಗ್ತಾ ಇತ್ತಾ, ಬಾಲು ಬಿದ್ದಾಗ?"

"ಆಗಿಂದು ನೆನಪಿಲ್ಲ. ಈಗ ಆಗ್ತಿದೆ."

ಒಳಗೆ ಹೋಗಿ ನೋವಿನ ಮುಲಾಮು ತಂದು ಬೆನ್ನಿಗೆ ಹಚ್ಚಿದಳು, ಅಗತ್ಯಕ್ಕಿಂತ ಗಟ್ಟಿಯಾಗಿ ತಿಕ್ಕುತ್ತ. ಕ್ಷಮಿಸಿದಳೋ ಶಿಕ್ಷಿಸಿದಳೋ ತಿಳಿಯಲಿಲ್ಲ. ತಾಯಕ್ಕ ಬಾಗಿಲಿಗೆ ಒರಗಿ ನಿಂತು, "ಪುಟ್ಟಿ, ಒಂದ್ ಮಾತ್ ಏಳ್ತೀನಿ ಕೇಳು. ನಾವೆಲ್ಲ ಔಟಾಗಿ ಔಟಾಗಿ ಕಲ್ ಮೇಲೆ ಕೂತಿರೋವು. ಕತ್ಲಾಗಗಂಟ ಓಡ್ತಿದ್ದೋನು ನಿಮ್ಮಪ್ಪ ಒಬ್ನೇಯ. ನಂಗೆ ಒಟ್ಟೆ ಉರ್ಯದು" ಎಂದಳು. ಸಿಂಚನಳ ಕೈ ನನ್ನ ಬೆನ್ನಿನ ಮೇಲೆ ಒಂದು ಗಳಿಗೆ ನಿಂತಿತು.

ಮುಂದಿನ ಭಾನುವಾರ ನಾನು ಪಾರ್ಕಿಗೆ ಹೋಗಬಾರದೆಂದುಕೊಂಡಿದ್ದೆ. ಮಗಳು ಕೈ ಹಿಡಿದು ಎಳೆದುಕೊಂಡು ಹೋದಳು. ಆಟ ಶುರುವಾಗುವ ಮುಂಚೆ ಅವಳು ನಡು ಬಯಲಿಗೆ ಹೋಗಿ ಮೂರನೆಯ ಕ್ರಾಸಿನ ಕ್ಯಾಪ್ಟನ್ ಹುಡುಗಿಯ ಜೊತೆ ಗುಸುಗುಸು ಮಾತಾಡಿದಳು. ಇಬ್ಬರೂ ಒಮ್ಮೆ ನನ್ನ ಕಡೆ ತಿರುಗಿ ನೋಡಿದರು. ಆ ಹುಡುಗಿ ಕನಿಕರದಿಂದ ತಲೆಯಾಡಿಸಿದಳು. ಸಿಂಚನ ಓಡಿ ಬಂದು, "ಒಪ್ಪಿಸಿದೀನಿ ಅಪ್ಪಾ. ನಿಂಗೆ ಬಿದ್ರೂ ಔಟಿಲ್ಲ. ಆದ್ರೆ ನೀನು ಪೇರಿಸಿದ ಬಿಲ್ಲೆ ಗೆಲುವಿಗೆ ಸೇರಲ್ಲ, ಸುಮ್ನೆ ಓಡ್ಬೇಕು, ಆಯ್ತಾ?" ಎಂದಳು.

ಸ್ವಾಭಿಮಾನವಿರುವ ಸ್ನಾತಕೋತ್ತರ ಪದವೀಧರನೊಬ್ಬ ಇಂಥ ಸಮಯದಲ್ಲಿ ಏನು ಮಾಡಬೇಕೆಂದು ಸ್ವಲ್ಪ ಹೊತ್ತು ಯೋಚಿಸಿದೆ. ಆಮೇಲೆ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡೆ.

ಎಷ್ಟು ಓಡಿದೆನೆಂದರೆ, ಸವಿತಾ ಎದ್ದು ನಿಂತು "ರೀ, ಸಾಕು ಬನ್ರೀ" ಎಂದು ಕೂಗಿದಳು. ಬೆನ್ನಿಗೆ, ಕಾಲಿಗೆ, ಒಂದು ಸಲ ಕನ್ನಡಕದ ಪಕ್ಕಕ್ಕೆ, ಎಲ್ಲ ಕಡೆಯೂ ಚೆಂಡು ಬಿತ್ತು. ಯಾರೂ ವಿಷಲ್ ಊದಲಿಲ್ಲ. ಮೊದಲ ಸುತ್ತಿಗೇ ಔಟಾದ ನಂಜುಂಡನನ್ನು ಅವನ ಮಗಳು ಎಲ್ಲರೆದುರು ಬೈದು ಕಲ್ಲುಬೆಂಚಿನ ಮೇಲೆ ಕೂರಿಸಿದ್ದಳು. ಆಟದ ನಡುವೆ ನಾನು ನೀರು ಕುಡಿಯಲು ಬಂದಾಗ ಅವನು ಪಕ್ಕಕ್ಕೆ ಸರಿದು, ದನಿ ತಗ್ಗಿಸಿ ಕೇಳಿದ: "ಸಾರ್, ನಿಮ್ ಮಗಳಿಗೆ ಒಂದ್ ಮಾತ್ ಏಳಿ ಸಾರ್. ನನ್ನೂ ನಿಮ್ಮಂಗೇ ಸೇರಿಸ್ಕಳ್ಳಿ. ಸುಮ್ನೆ ಓಡ್ತೀನಿ."

ಪಾಪ, ದಿನವೆಲ್ಲ ಕಾರ್ಖಾನೆಯಲ್ಲಿ ದುಡಿಯುವ ಮನುಷ್ಯ. ಒಂದು ಮಾತು ಹೇಳಿದ್ದರೆ ಹುಡುಗಿಯರು ಒಪ್ಪಿಯೂ ಒಪ್ಪುತ್ತಿದ್ದರು. ನಾನು ಬಾಯಿ ಒರೆಸಿಕೊಂಡು, ಕಾಲೇಜಿನಲ್ಲಿ ಸೀಟು ಕೇಳಿ ಬಂದವರಿಗೆ ಹೇಳುವ ಗಾಂಭೀರ್ಯದಲ್ಲಿ, "ಅಂಥ ಜಾಗ ಇರೋದು ಒಂದೇ, ನಂಜುಂಡಪ್ಪ, ಅದು ಭರ್ತಿಯಾಗಿದೆ" ಎಂದು ಹೇಳಿ ಮತ್ತೆ ಓಡಿದೆ.