ಎಂಟನೇ ವರ್ಗ

ಗಂಡ: ನಾನು ಬರಲ್ಲ ಅಂದ್ರೆ ಬರಲ್ಲ! ಕೆಲಸಕ್ಕೆ ಸೇರಿ ಇನ್ನೂ ಮೂರು ತಿಂಗಳಾಗಿಲ್ಲ. ಶಾಲೆ ಮಕ್ಕಳು ಈಗಷ್ಟೇ ಎಡಗಾಲು ಯಾವುದು, ಬಲಗಾಲು ಯಾವುದು ಅಂತ ಕಲೀತಿದಾವೆ.

ಹೆಂಡತಿ: ಬರಲ್ಲ ಅನ್ನೋರು ಮನೆ ಸಾಮಾನೆಲ್ಲ ಯಾಕ್ರೀ ಕಟ್ಟಿಟ್ಟಿದ್ದೀರಿ?

ಗಂಡ ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದು ನಿವೃತ್ತನಾದವನು. ಈಗ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಹೆಂಡತಿ ಅಂಚೆ ಕಚೇರಿಯ ಗುಮಾಸ್ತೆ. ತನಗೆ ಬೇರೆ ಊರಿಗೆ ವರ್ಗವಾದ ಆರ್ಡರನ್ನು ಮೇಜಿನ ಮೇಲಿಟ್ಟು ಬೆಳಿಗ್ಗೆ ಕೆಲಸಕ್ಕೆ ಹೋಗಿದ್ದಳು. ಸಂಜೆ ಬಂದು ನೋಡಿದರೆ ನಡುಮನೆಯಲ್ಲಿ ಒಂಬತ್ತು ಟ್ರಂಕುಗಳು ನಂಬರ್ ಬರೆಸಿಕೊಂಡು ಸಾಲಾಗಿ ನಿಂತಿವೆ. ಬಾಯಿ ಒಂದು ಹೇಳಿದರೆ ಕೈ ಇನ್ನೊಂದು ಮಾಡುವ ಗಂಡಸರಲ್ಲಿ ಇವನೂ ಒಬ್ಬ.

ಗಂಡ: ಆರ್ಡರ್ ಕಂಡ್ರೆ ಸಾಕು, ಕೈ ತಾನಾಗೇ ಕಟ್ಟಿಬಿಡುತ್ತೆ ಕಣೇ. ಹಾಳು ಅಭ್ಯಾಸ! ಅಲ್ಲಿ ನನಗ್ಯಾರು ಕೆಲಸ ಕೊಡ್ತಾರೆ?

ಹೆಂಡತಿ: ಮಾಡೋರಿಗೆ ಕೆಲಸಕ್ಕೇನು ಬರವಾ? ಎಲ್ಲಾದ್ರೂ ಸಿಗುತ್ತೆ.

ಗಂಡ: ಅಷ್ಟು ಸಲೀಸಾ? ಹೊಸ ಊರು, ಹೊಸ ಜನ...

ಹೆಂಡತಿ: ಎರಡು ದಿನ ಕಳೆದ್ರೆ ಅಭ್ಯಾಸ ಆಗುತ್ತೆ ಬಿಡಿ.

ಗಂಡ: ಕಲ್ಲೆದೆ ಕಣೇ ನಿಂದು! ಯಾರು ಕಲಿಸಿದ್ರು ಈ ಮಾತು?

ಹೆಂಡತಿ: ನೀವೇ. ಏಳು ವರ್ಗ, ಏಳು ಸಲ. ಒಂದಕ್ಷರ ಬದಲಾಯಿಸಿಲ್ಲ ನಾನು.

ಗಂಡ ನಾಲ್ಕನೇ ನಂಬರಿನ ಟ್ರಂಕಿನ ಮೇಲೆ ಕುಸಿದು ಕೂತ.

ಹೆಂಡತಿ: ನರ್ಸರಿ ಶಾಲೆ ಬಿಟ್ಟೆ, ಲೈಬ್ರರಿ ಬಿಟ್ಟೆ. ಔಷಧಿ ಅಂಗಡಿಯವರು ಕಾಯಂ ಮಾಡ್ತೀವಿ ಅಂದ ವಾರಾನೇ ನೀವು ಟ್ರಂಕ್ ಕಟ್ಟಿದ್ರಿ. ಅವತ್ತು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದ್ದೆ. ನೆನಪಿದೆಯಾ?

ಗಂಡ (ಮೆಲ್ಲಗೆ): ನೀರು ಪೋಲು ಮಾಡ್ತೀಯ ಅಂತ ಬೈದಿದ್ದೆ.

ಹೆಂಡತಿ: ಹ್ಞೂಂ. ಬೈದಿದ್ರಿ.

ಗಂಡ: ತಪ್ಪಾಯ್ತು ಕಣೇ. ನಡಿ, ನಾಳೇನೇ ರಾಜೀನಾಮೆ ಕೊಡ್ತೀನಿ. ನೀನು ಹೋದಲ್ಲಿಗೆ ನಾನು.

ಹೆಂಡತಿ: ಏನೂ ಬೇಡ. ಗಂಡನ ಕೆಲಸ ಇಲ್ಲಿದೆ ಅಂತ ಬೆಳಿಗ್ಗೇನೇ ಅರ್ಜಿ ಕೊಟ್ಟೆ. ಇನ್ನೊಂದು ವರ್ಷ ಇಲ್ಲೇ ಇರಿ ಅಂದ್ರು ಸಾಹೇಬ್ರು.

ಗಂಡ: ಹಾಂ! ಬಂದ ತಕ್ಷಣ ಹೇಳೋಕೇನಾಗಿತ್ತು?

ಹೆಂಡತಿ: ಏಳು ಸಲ ನಾನು ಕೇಳಿಸ್ಕೊಂಡೆ. ಒಂದ್ಸಲ ನೀವೂ ಕೇಳಿಸ್ಕೊಳ್ಳಿ ಅಂತ. ಈಗ ಎದ್ದು ಟ್ರಂಕ್ ಬಿಚ್ಚಿ. ಅಡುಗೆ ಆಗ್ಬೇಕು, ಸೌಟು ಯಾವ ನಂಬರಲ್ಲಿದೆ?

ಗಂಡ ಒಂಬತ್ತು ಟ್ರಂಕುಗಳನ್ನೂ ಮಿಕಿಮಿಕಿ ನೋಡಿದ. ನಂಬರ್ ಬರೆದಿದ್ದನೇ ಹೊರತು ಯಾವುದರಲ್ಲಿ ಏನಿದೆ ಅಂತ ಬರೆದಿರಲಿಲ್ಲ. ಇಷ್ಟು ವರ್ಷ ಕಟ್ಟಿದ್ದಷ್ಟೇ ಅವನು. ಹೊಸ ಊರು ಮುಟ್ಟಿದ ಮರುದಿನ ಅವನು ಡ್ಯೂಟಿಗೆ ಹೋದರೆ, ಬಿಚ್ಚಿ ಜೋಡಿಸಿದ್ದೆಲ್ಲ ಅವಳೇ.

ಗಂಡ: ಬಿಚ್ಚಿ ನನಗೆ ಅಭ್ಯಾಸ ಇಲ್ವಲ್ಲೇ...

ಹೆಂಡತಿ: ಎರಡು ದಿನ ಕಳೆದ್ರೆ ಆಗುತ್ತೆ ಬಿಡಿ.